ಬ್ಯಾಟರಿ ಇಲ್ಲದ ಪೆನ್ನು, ಮಾಯವಾದ ರೈಟು

ಗದಗದ ಗಣಿತ ಶಿಕ್ಷಕಿಯೊಬ್ಬರು ಎರಡು ಪ್ರಶ್ನೆ ಬರೆದು ಕಳಿಸಿದ್ದಾರೆ. ಮಕ್ಕಳು ವಾಟ್ಸ್‌ಆ್ಯಪಿನಲ್ಲಿ ಕಳಿಸುವ ಉತ್ತರಪತ್ರಿಕೆಯ ಪಿಡಿಎಫ್‌ಗಳನ್ನು ಅವರು ಟ್ಯಾಬಿನ ಮೇಲೆಯೇ ತಿದ್ದುತ್ತಾರೆ. ಟ್ಯಾಬಿನ ಜತೆ ಬಂದ ಪೆನ್ನಿನಲ್ಲಿ ಬ್ಯಾಟರಿ ಇಲ್ಲ, ಚಾರ್ಜಿಗೆ ಹಾಕಲು ಜಾಗವೂ ಇಲ್ಲ. ಆದರೂ ಮೆಲ್ಲಗೆ ಒತ್ತಿದರೆ ಗೆರೆ ಸಣ್ಣಗೆ ಬರುತ್ತದೆ, ಬಿಗಿಯಾಗಿ ಒತ್ತಿದರೆ ದಪ್ಪ. ಹೇಗೆ? ಎರಡನೆಯದು, ತಾವು ಹಾಕಿದ ಕೆಂಪು ರೈಟು-ತಪ್ಪುಗಳು ಕೆಲವು ಮಕ್ಕಳ ಮೊಬೈಲಿನಲ್ಲಿ ಕಾಣುವುದೇ ಇಲ್ಲ. ‘ಟೀಚರ್, ನೀವು ಪೇಪರ್ ನೋಡೇ ಇಲ್ಲ’ ಎಂದು ಮಕ್ಕಳು ದೂರುತ್ತಾರೆ. ಗೆರೆ ಎಲ್ಲಿಗೆ ಹೋಯಿತು?

ಗದಗದವರಿಗೆ ಉತ್ತರ ಹೇಳಲು ಪಂಚಮಿ ಹಬ್ಬದ ಜೋಕಾಲಿಗಿಂತ ಒಳ್ಳೆಯ ಉಪಕರಣ ಬೇಕಿಲ್ಲ. ಜೋಕಾಲಿಗೆ ತನ್ನದೇ ಒಂದು ತಾಳವಿದೆ. ಆ ತಾಳಕ್ಕೆ ಸರಿಯಾಗಿ ಬೆರಳಲ್ಲಿ ನೂಕಿದರೂ ನಾಲ್ಕಾರು ಸಲಕ್ಕೆ ಅದು ಮರದ ಕೊಂಬೆ ಮುಟ್ಟುವಂತೆ ಜೀಕುತ್ತದೆ. ತಾಳ ತಪ್ಪಿ ನೂಕಿದರೆ ಎಷ್ಟು ಬಲ ಹಾಕಿದರೂ ವ್ಯರ್ಥ. ನೂಕುವುದನ್ನು ಬಿಟ್ಟು ದೂರ ಸರಿದು ನಿಂತರೂ ಅದು ಕೂಡಲೇ ನಿಲ್ಲುವುದಿಲ್ಲ, ಕೊಂಚ ಹೊತ್ತು ತನ್ನಷ್ಟಕ್ಕೆ ತೂಗುತ್ತಲೇ ಇರುತ್ತದೆ.

ಆ ಪೆನ್ನಿನೊಳಗೆ ಇರುವುದು ಇಂಥ ಒಂದು ವಿದ್ಯುತ್ ಜೋಕಾಲಿ. ತುದಿಯ ಹತ್ತಿರ ಕೂದಲೆಳೆಯ ತಾಮ್ರದ ತಂತಿ ಸುತ್ತಿದ ಒಂದು ಸುರುಳಿ, ಅದಕ್ಕೆ ಜೋಡಿಸಿದ ಒಂದು ಕೆಪಾಸಿಟರ್. ವಿದ್ಯುತ್ತು ಇವೆರಡರ ನಡುವೆ ಅತ್ತಿಂದಿತ್ತ ತೂಗುತ್ತದೆ, ಸೆಕೆಂಡಿಗೆ ಸುಮಾರು 5 ಲಕ್ಷ ಸಲ. ಹೆಚ್ಚುಕಡಿಮೆ ಮೀಡಿಯಂ ವೇವ್ ರೇಡಿಯೊ ಪಟ್ಟಿಯ ಕೆಳತುದಿ ಶುರುವಾಗುವ ಜಾಗ ಅದು. ನೂಕುವ ಕೈ ಇರುವುದು ಟ್ಯಾಬಿನ ಪರದೆಯ ಹಿಂದೆ, ಅಡ್ಡಡ್ಡ ಉದ್ದುದ್ದ ಹಾಸಿದ ತಂತಿಗಳ ಜಾಲರಿಯಲ್ಲಿ. ಜಾಲರಿ ಕ್ಷಣಕಾಲ ಅದೇ ತಾಳದಲ್ಲಿ ಕಾಂತಕ್ಷೇತ್ರವನ್ನು ಅಲುಗಿಸಿ ಪೆನ್ನಿನ ಸುರುಳಿಯನ್ನು ಜೀಕಿಸುತ್ತದೆ. ಆಮೇಲೆ ಸುಮ್ಮನಾಗಿ ಕಿವಿಗೊಡುತ್ತದೆ. ಪೆನ್ನು ಇನ್ನೂ ತೂಗುತ್ತಿರುವುದರಿಂದ ಅದರ ಕ್ಷೀಣ ಕಾಂತಕ್ಷೇತ್ರ ಜಾಲರಿಗೆ ವಾಪಸು ತಟ್ಟುತ್ತದೆ. ಯಾವ ತಂತಿಗೆ ಹೆಚ್ಚು, ಪಕ್ಕದ್ದಕ್ಕೆ ಎಷ್ಟು ಕಡಿಮೆ ಎಂದು ತೂಗಿ ನೋಡಿದರೆ ತುದಿ ಎಲ್ಲಿದೆ ಎಂಬುದು ಕೂದಲೆಳೆಯಷ್ಟು ನಿಖರವಾಗಿ ಸಿಗುತ್ತದೆ. ಈ ನೂಕು, ಈ ಆಲಿಸುವಿಕೆ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ.

ಇನ್ನು ಒತ್ತಡ. ಜೋಕಾಲಿಯ ಹಗ್ಗ ಗಿಡ್ಡ ಮಾಡಿದರೆ ತಾಳ ಬದಲಾಗುತ್ತದಲ್ಲವೇ? ಪೆನ್ನಿನ ತುದಿಯನ್ನು ಒತ್ತಿದಾಗ ಅದು ಒಂದಿಷ್ಟೇ ಒಳಸರಿದು ಕೆಪಾಸಿಟರಿನ ಅಳತೆಯನ್ನು ಬದಲಿಸುತ್ತದೆ. ತಾಳ ಚೂರು ಏರುಪೇರಾಗುತ್ತದೆ. ಜಾಲರಿಗೆ ಅಷ್ಟು ಸಾಕು, ಟೀಚರ್ ಬಿಗಿಯಾಗಿ ಒತ್ತಿದರು ಎಂದು ತಿಳಿದು ಗೆರೆಯನ್ನು ದಪ್ಪ ಮಾಡುತ್ತದೆ. ಜಪಾನಿನಲ್ಲಿ 1983ರಲ್ಲಿ ಶುರುವಾದ ವಾಕಾಮ್ ಕಂಪನಿ ಮರುವರ್ಷವೇ ವೈರಿಲ್ಲದ ಪೆನ್ನಿನ ಹಲಗೆಯನ್ನು ಮಾರುಕಟ್ಟೆಗೆ ತಂದಿತು. 2011ರಲ್ಲಿ ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ನೋಟ್ ಫೋನಿನೊಳಗೆ ಹೊಕ್ಕಿದ್ದು ಇದೇ ಉಪಾಯ. (ಆ್ಯಪಲ್ ಪೆನ್ಸಿಲಿನ ದಾರಿ ಬೇರೆ. ಅದು ತಾನೇ ಸಂಕೇತ ಹೊರಡಿಸುತ್ತದೆ, ಹಾಗಾಗಿ ಅದಕ್ಕೆ ಬ್ಯಾಟರಿ ಬೇಕು.)

ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಇಷ್ಟವಾದ ಸಂಗತಿ ಎಂದರೆ, ಪರದೆಯ ಪೆನ್ನುಗಳು ಮೊದಲಿನಿಂದಲೂ ಬರೆದದ್ದೇ ಇಲ್ಲ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿ ತನ್ನ ಪಿಎಚ್‌ಡಿಗಾಗಿ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮ್ ಕಟ್ಟಿದ. ಕಂಪ್ಯೂಟರ್ ಪರದೆಯ ಮೇಲೆ ಕೈಯಿಂದ ಗೆರೆ ಎಳೆದು ಚಿತ್ರ ಬಿಡಿಸುವುದನ್ನು ಜಗತ್ತಿಗೆ ತೋರಿಸಿದ ಕೆಲಸ ಅದು. ಅವನ ಕೈಯಲ್ಲಿದ್ದದ್ದು ಲೈಟ್ ಪೆನ್. ಹೆಸರು ಕೇಳಿದರೆ ಬೆಳಕು ಚೆಲ್ಲುವ ಪೆನ್ನು ಅನ್ನಿಸುತ್ತದೆ, ನಿಜದಲ್ಲಿ ಅದು ಬೆಳಕನ್ನು ಕಾಣುವ ಕಣ್ಣು. ಹಳೆಯ ಕಾಲದ ಆ ಪರದೆಯಲ್ಲಿ ಚುಕ್ಕಿಗಳು ಒಂದಾದ ಮೇಲೊಂದು ಮಿನುಗುತ್ತಿದ್ದವು. ಪೆನ್ನಿಗೆ ಮಿಂಚು ಕಂಡ ಆ ಕ್ಷಣ ಕಂಪ್ಯೂಟರ್ ಯಾವ ಚುಕ್ಕಿ ಹೊತ್ತಿಸುತ್ತಿತ್ತೋ ಪೆನ್ನು ಅಲ್ಲಿದೆ ಎಂದರ್ಥ. ಮರುವರ್ಷ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯಲ್ಲಿ ಎಂ.ಆರ್. ಡೇವಿಸ್ ಮತ್ತು ಟಾಮ್ ಎಲಿಸ್ ಒಂದು ಹಲಗೆ ಮಾಡಿದರು. ಅಂಗುಲಕ್ಕೆ 100ರಂತೆ ಹಾಸಿದ ತಂತಿಗಳ ಒಂದೊಂದು ಜಾಗವೂ ತನ್ನ ಗುರುತನ್ನು ಸಂಕೇತದಲ್ಲಿ ಪಿಸುಗುಟ್ಟುತ್ತಿತ್ತು. ಪೆನ್ನು ಅದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಮುಟ್ಟಿಸುತ್ತಿತ್ತು. ಮೊದಲು ಕಣ್ಣು, ಆಮೇಲೆ ಕಿವಿ, ಈಗ ಜೋಕಾಲಿ. ಶಾಯಿ ಮಾತ್ರ ಎಂದೂ ಇರಲಿಲ್ಲ.

‘ಥೇಟ್ ಕಾಗದದ ಹಾಗೆ’ ಎಂಬ ಜಾಹೀರಾತನ್ನು ನಾನು ಒಪ್ಪದಿರುವುದು ಇದಕ್ಕೇ. ಕಾಗದದ ಮೇಲೆ ಶಾಯಿ ತುದಿಯಿಂದಲೇ ಇಳಿಯುತ್ತದೆ. ಇಲ್ಲಿ ಜಾಗ ಅಳೆದು, ಲೆಕ್ಕ ಹಾಕಿ, ಆಮೇಲೆ ಪರದೆಗೆ ಬಣ್ಣ ತರಬೇಕು. ಕೈ ಸೆಕೆಂಡಿಗೆ 20 ಸೆಂ.ಮೀ. ಓಡುತ್ತಿದ್ದು, ಗೆರೆ ಮೂಡಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾದರೂ ಅದು ಪೆನ್ನಿಗಿಂತ 1 ಸೆಂ.ಮೀ. ಹಿಂದೆ ಬೀಳುತ್ತದೆ. ಅದನ್ನು ಮರೆಮಾಡಲು ಈಗಿನ ತಂತ್ರಾಂಶಗಳು ನಿಮ್ಮ ಕೈ ಮುಂದೆ ಎತ್ತ ಹೋದೀತು ಎಂದು ಊಹಿಸಿ ತುಸು ಗೆರೆಯನ್ನು ಮುಂಚೆಯೇ ಎಳೆದಿಡುತ್ತವೆ, ಊಹೆ ತಪ್ಪಿದರೆ ಅಳಿಸಿ ತಿದ್ದುತ್ತವೆ. ಜಾಣತನ ಹೌದು, ಆದರೆ ಕಾಗದವಲ್ಲ.

ಈಗ ಮಾಯವಾದ ರೈಟಿನ ವಿಷಯ. ಟೀಚರ್ ಎಳೆದ ಗೆರೆ ಫೈಲಿನೊಳಗೆ ಅಂಕಿಗಳ ಪಟ್ಟಿಯಾಗಿ ಕೂರುತ್ತದೆ. ಪಿಡಿಎಫ್‌ನಲ್ಲಿ ಅಳತೆ ಶುರುವಾಗುವುದು ಪುಟದ ಕೆಳಗಿನ ಎಡಮೂಲೆಯಿಂದ, ಅಂಗುಲಕ್ಕೆ 72 ಪಾಯಿಂಟ್. ಎ4 ಪುಟ ಹೆಚ್ಚುಕಡಿಮೆ 595 ಅಗಲ, 842 ಎತ್ತರ. ಒಂದು ರೈಟು ಗುರುತು ಒಳಗೆ ಹೀಗಿರುತ್ತದೆ: 480, 700ರಿಂದ ಹೊರಡು, 487, 688ಕ್ಕೆ ಇಳಿ, 508, 722ಕ್ಕೆ ಏರು. ನಿಜವಾದ ಗೆರೆಯಲ್ಲಿ ಇಂಥ ಜೋಡಿಗಳು ಹತ್ತಾರು ಇರುತ್ತವೆ. ಪಕ್ಕದಲ್ಲಿ ಬಣ್ಣಕ್ಕೆ 1 0 0, ಅಂದರೆ ಕೆಂಪು ಪೂರ್ತಿ, ಹಸಿರು ನೀಲಿ ಸೊನ್ನೆ. ಈ ಪಟ್ಟಿ ಪುಟದ ಒಳಗೆ ಸೇರುವುದಿಲ್ಲ. ಉತ್ತರಪತ್ರಿಕೆಯ ಮೇಲೆ ಹಾಸಿದ ಪಾರದರ್ಶಕ ಹಾಳೆಯಂತೆ ಬೇರೆಯಾಗಿಯೇ ಇರುತ್ತದೆ. ಮಗುವಿನ ಮೊಬೈಲಿನ ಆ್ಯಪಿಗೆ ಆ ಹಾಳೆಯನ್ನು ತೋರಿಸುವ ಅಭ್ಯಾಸವಿಲ್ಲದಿದ್ದರೆ ಬರಿಯ ಉತ್ತರಪತ್ರಿಕೆಯಷ್ಟೇ ಕಾಣುತ್ತದೆ. ಟೀಚರ್ ಹಾಕಿದ ರೈಟು ಫೈಲಿನಲ್ಲಿ ಭದ್ರವಾಗಿಯೇ ಇದೆ.

ಇದೇ ಕಾರಣಕ್ಕೆ ಒಂದು ಅಪಾಯವೂ ಇದೆ, ಅದನ್ನು ಒತ್ತಿ ಹೇಳಬೇಕು. ಆಧಾರ್ ಕಾರ್ಡಿನ ಪಿಡಿಎಫ್ ಕಳಿಸುವಾಗ ಸಂಖ್ಯೆಯ ಮೇಲೆ ಕಪ್ಪು ಪೆನ್ನು ಎಳೆದು ನಿಶ್ಚಿಂತೆಯಾಗಿ ಕಳಿಸುವವರು ಬಹಳ. ಆ ಕಪ್ಪು ಇರುವುದು ಮೇಲಿನ ಹಾಳೆಯಲ್ಲಿ. ಯಾರಾದರೂ ಗೆರೆಯನ್ನು ಆರಿಸಿ ಡಿಲೀಟ್ ಒತ್ತಿದರೆ ಅಡಿಯ ಅಂಕಿಗಳು ಹಾಗೇ ಕಾಣುತ್ತವೆ. ಮುಚ್ಚಲೇಬೇಕಿದ್ದರೆ ದಟ್ಟ ಕಪ್ಪಿನಲ್ಲಿ ಸಂದು ಬಿಡದೆ ಮುಚ್ಚಿ, ಸ್ಕ್ರೀನ್‌ಶಾಟ್ ತೆಗೆದು ಆ ಚಿತ್ರವನ್ನು ಕಳಿಸಿ. ಪಿಡಿಎಫ್ ಕಳಿಸಬೇಡಿ.

ಟೀಚರ್ ಮಾಡಬೇಕಾದ್ದು ಸುಲಭ. ತಿದ್ದಿ ಮುಗಿದ ಮೇಲೆ ಪ್ರಿಂಟ್ ಒತ್ತಿ, ಪ್ರಿಂಟರಿನ ಬದಲು ‘ಪಿಡಿಎಫ್ ಆಗಿ ಉಳಿಸು’ ಆರಿಸಿದರೆ ಮೇಲಿನ ಹಾಳೆ ಪುಟದೊಂದಿಗೆ ಬೆಸೆದುಕೊಳ್ಳುತ್ತದೆ, ಯಾವ ಮೊಬೈಲಿನಲ್ಲೂ ರೈಟು ಕಾಣುತ್ತದೆ. ಹಾಗೆ ಬೆಸೆದ ಗೆರೆಯನ್ನು ಆಮೇಲೆ ಸುಲಭವಾಗಿ ಅಳಿಸಲಾಗದು. ಆದ್ದರಿಂದ ಮಕ್ಕಳಿಗೆ ಬೆಸೆದ ಪ್ರತಿ ಕಳಿಸಿ, ಬೆಸೆಯದ್ದನ್ನು ನಿಮ್ಮ ಟ್ಯಾಬಿನಲ್ಲೇ ಇಟ್ಟುಕೊಳ್ಳಿ. ಅಂಕ ಕೂಡುವಾಗ ತಪ್ಪಾಗಿದೆ ಎಂದು ಯಾರಾದರೂ ಬಂದರೆ ತಿದ್ದಲು ಅದು ಬೇಕಾಗುತ್ತದೆ.