ಬ್ರಾಡ್ ಬೀದಿಯ ಕೈಪಂಪು

ರೋಗವು ಹೇಳಿ ಕೇಳಿ ಬರುವುದಿಲ್ಲ. ಅದು ಒಂದು ಮನೆಯನ್ನು ಹೊಕ್ಕ ಸುದ್ದಿ ನೆರೆಮನೆಗೆ ತಲಪುವಷ್ಟರಲ್ಲಿ ಇಡೀ ಬೀದಿಯನ್ನೇ ಆವರಿಸಿರುವುದುಂಟು. ನಗರದ ಒಂದು ಬಡಾವಣೆಯಲ್ಲಿ ಸಾವಿರಾರು ಮಂದಿ ಒಂದೇ ನೆಲೆಯ ನೀರನ್ನು ಕುಡಿಯುತ್ತಾರೆ. ಒಂದೇ ಚರಂಡಿಯ ಪಕ್ಕದಲ್ಲಿ ಬಾಳುತ್ತಾರೆ. ಆದುದರಿಂದ ಅಲ್ಲಿ ಒಬ್ಬನ ಕಾಯಿಲೆ ಅವನೊಬ್ಬನ ಸಂಗತಿಯಾಗಿ ಉಳಿಯುವುದಿಲ್ಲ. ಇಂತಹ ವಾರ್ತೆಯನ್ನು ಸಕಾಲದಲ್ಲಿ ತಿಳಿಯುವುದೂ ತಿಳಿಸುವುದೂ ಎಷ್ಟು ಮಹತ್ತ್ವದ ಕಾರ್ಯವೆಂಬುದಕ್ಕೆ 1854ರಲ್ಲಿ ಲಂಡನ್ ನಗರದ ಸೋಹೊ ಪ್ರದೇಶದಲ್ಲಿ ನಡೆದ ಘಟನೆಯೊಂದು ನಿದರ್ಶನವಾಗಿದೆ.

ಸೋಹೊ ಪ್ರದೇಶದ ಬ್ರಾಡ್ ಬೀದಿಯಲ್ಲಿ ಬಾವಿಗೆ ಜೋಡಿಸಿದ ಕೈಪಂಪೊಂದಿತ್ತು. ಅದರ ನೀರು ತಿಳಿಯಾದುದು, ರುಚಿಯಾದುದು ಎಂದು ಸುತ್ತಮುತ್ತಲಿನವರೆಲ್ಲ ಮೆಚ್ಚಿದ್ದರು. ಆ ವರ್ಷದ ಆಗಸ್ಟ್ 31ರ ರಾತ್ರಿ ಅಲ್ಲಿ ಕಾಲರಾ ರೋಗವು ಹಠಾತ್ತನೆ ತಲೆದೋರಿತು. ಹತ್ತೇ ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಅಸುನೀಗಿದರು. ಬದುಕುಳಿದವರಲ್ಲಿ ಬಹುಮಂದಿ ಮನೆಗಳನ್ನು ತೊರೆದು ಓಡಿದರು. ದುರ್ವಾಸನೆಯಿಂದ ಕೆಟ್ಟ ಗಾಳಿಯೇ ಈ ರೋಗಕ್ಕೆ ಕಾರಣವೆಂಬುದು ಅಂದಿನ ಪಂಡಿತರ ದೃಢವಾದ ನಂಬಿಕೆಯಾಗಿತ್ತು. ಅಧಿಕಾರಿಗಳು ಬೀದಿಗಳಲ್ಲಿ ವಾಸನೆಯನ್ನಡಗಿಸುವ ಸುಣ್ಣದ ಪುಡಿಯನ್ನು ಚೆಲ್ಲಿಸಿದರು. ಜನರು ಮಾತ್ರ ಅದೇ ಪಂಪಿನ ನೀರನ್ನು ಕುಡಿಯುತ್ತಲೇ ಇದ್ದರು.

ಅಲ್ಲಿಗೆ ಸಮೀಪದಲ್ಲಿಯೇ ಜಾನ್ ಸ್ನೋ ಎಂಬ ವೈದ್ಯನು ವಾಸವಾಗಿದ್ದನು. ಕಾಲರಾ ಗಾಳಿಯಿಂದಲ್ಲ, ನೀರಿನಿಂದ ಹರಡುತ್ತದೆಂದು ಅವನು 1849ರಲ್ಲಿಯೇ ಬರೆದಿದ್ದನು. ಆದರೆ ಆ ಮಾತಿಗೆ ಮನ್ನಣೆ ದೊರೆತಿರಲಿಲ್ಲ. ಈಗ ಅವನು ಮರಣದ ದಾಖಲೆಗಳನ್ನು ಹಿಡಿದು ಮನೆಮನೆಗೂ ಹೋಗಿ, ಸತ್ತವರು ಯಾವ ನೀರನ್ನು ಕುಡಿಯುತ್ತಿದ್ದರೆಂದು ವಿಚಾರಿಸಿದನು. ಎಂಬತ್ತಮೂರು ಮರಣಗಳಲ್ಲಿ ಎಪ್ಪತ್ತಮೂರು ಆ ಪಂಪಿನ ಆಸುಪಾಸಿನಲ್ಲಿಯೇ ಸಂಭವಿಸಿದ್ದವು. ಅವರ ಪೈಕಿ ಅರುವತ್ತೊಂದು ಮಂದಿ ಅದರ ನೀರನ್ನೇ ಬಳಸುತ್ತಿದ್ದರು.

ರೋಗ ತಗುಲದವರನ್ನು ಕುರಿತೂ ಅವನು ವಿಚಾರ ಮಾಡಿದನು. ಸಮೀಪದ ಆಶ್ರಯಧಾಮವೊಂದರಲ್ಲಿ 535 ಬಡಜನರಿದ್ದರೂ ಐವರು ಮಾತ್ರ ಕಾಲರಾಕ್ಕೆ ಬಲಿಯಾಗಿದ್ದರು. ಆ ಧಾಮಕ್ಕೆ ತನ್ನದೇ ಆದ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬನೂ ಸತ್ತಿರಲಿಲ್ಲ. ಅವರು ಬೀದಿಯ ಪಂಪಿನ ಬಳಿಗೆ ಹೋಗುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಹಲವು ಮೈಲಿ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ವೃದ್ಧೆಯೊಬ್ಬಳು ಕಾಲರಾದಿಂದ ಮಡಿದಿದ್ದಳು. ಹಿಂದೆ ಬ್ರಾಡ್ ಬೀದಿಯಲ್ಲಿದ್ದ ಆಕೆ ಅಲ್ಲಿಯ ನೀರಿನ ರುಚಿಗೆ ಮನಸೋತು, ಅದನ್ನು ನಿತ್ಯವೂ ತರಿಸಿಕೊಳ್ಳುತ್ತಿದ್ದಳೆಂಬ ಸಂಗತಿ ಆಕೆಯ ಮಕ್ಕಳಿಂದ ತಿಳಿದುಬಂದಿತು. ಗಾಳಿ ಅಷ್ಟು ದೂರ ಹೋಗಿ ಒಬ್ಬಳನ್ನೇ ಆರಿಸಿಕೊಳ್ಳುವುದುಂಟೆ?

ಸೆಪ್ಟೆಂಬರ್ 7ರ ಸಂಜೆ ಸ್ನೋ ಆ ಪ್ರದೇಶದ ಆಡಳಿತ ಮಂಡಲಿಯ ಮುಂದೆ ತನ್ನ ವಾದವನ್ನು ಮಂಡಿಸಿದನು. ಸದಸ್ಯರಿಗೆ ಪೂರ್ಣ ನಂಬಿಕೆ ಬರಲಿಲ್ಲವಾದರೂ ಮರುದಿನವೇ ಅವರು ಪಂಪಿನ ಹಿಡಿಯನ್ನು ತೆಗೆಸಿದರು. ಅಷ್ಟರಲ್ಲಿ ರೋಗದ ಉಗ್ರತೆ ತಾನಾಗಿಯೇ ತಗ್ಗತೊಡಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನಿಜಸ್ಥಿತಿ ಬೇರೆಯೇ ಆಗಿತ್ತು.

ಅದನ್ನು ಬೆಳಕಿಗೆ ತಂದವನು ಹೆನ್ರಿ ವೈಟ್‌ಹೆಡ್ ಎಂಬ ಯುವಕ ಪಾದ್ರಿ. ಸ್ನೋ ಹೇಳಿದ್ದು ತಪ್ಪೆಂದು ತೋರಿಸಬೇಕೆಂದೇ ಅವನು ವಿಚಾರಣೆಗೆ ತೊಡಗಿದನು. ಅವನಿಗೆ ಆ ಬೀದಿಯ ಪ್ರತಿಯೊಂದು ಮನೆಯ ಪರಿಚಯವಿತ್ತು; ಪಂಡಿತರಿಗೆ ಹೇಳದ ಮಾತನ್ನು ಜನರು ಅವನಿಗೆ ಹೇಳುತ್ತಿದ್ದರು. ವಿಚಾರಣೆ ಮುಂದುವರಿದಂತೆ ಅವನ ಅಭಿಪ್ರಾಯವೇ ಬದಲಾಯಿತು. ಪಂಪಿನೆದುರಿನ ನಲವತ್ತನೆಯ ನಂಬರಿನ ಮನೆಯಲ್ಲಿ ಐದು ತಿಂಗಳ ಕೂಸೊಂದು ಎಲ್ಲರಿಗಿಂತ ಮೊದಲೇ ಭೇದಿಯಿಂದ ನರಳಿ, ಸೆಪ್ಟೆಂಬರ್ 2ರಂದು ತೀರಿಕೊಂಡಿತ್ತು. ತಾಯಿ ಅದರ ಬಟ್ಟೆಗಳನ್ನು ತೊಳೆದ ನೀರನ್ನು ಮನೆಯ ಮುಂಭಾಗದ ಮಲಗುಂಡಿಗೆ ಸುರಿದಿದ್ದಳು. ಅಗೆಸಿ ನೋಡಿದಾಗ ಆ ಗುಂಡಿಗೂ ಬಾವಿಗೂ ನಡುವೆ ಮೂರು ಅಡಿಗಳಷ್ಟೂ ಅಂತರವಿರಲಿಲ್ಲ. ಗುಂಡಿಯ ಗೋಡೆಯ ಇಟ್ಟಿಗೆಗಳು ಶಿಥಿಲವಾಗಿದ್ದವು. ಅದೇ ಕೂಸಿನ ತಂದೆಗೆ ಕಾಲರಾ ತಗುಲಿದುದು ಸೆಪ್ಟೆಂಬರ್ 8ರಂದು, ಎಂದರೆ ಪಂಪಿನ ಹಿಡಿಯನ್ನು ಕಳಚಿದ ದಿನವೇ! ಪಂಪು ನಡೆಯುತ್ತಿದ್ದುದಾದರೆ ರೋಗವಿಷವು ಎರಡನೆಯ ಬಾರಿ ಬಾವಿಗಿಳಿದು ಊರನ್ನು ಸೇರುತ್ತಿತ್ತು. ಒಟ್ಟು 616 ಜೀವಗಳನ್ನು ಬಲಿತೆಗೆದುಕೊಂಡ ಮಾರಿ ಅಲ್ಲಿಗೆ ನಿಂತಿತು. ತಡವಾಗಿ ಹಾಕಿದಂತೆ ಕಂಡ ಬಾಗಿಲೇ ಉಳಿದವರನ್ನು ಕಾಪಾಡಿತು.

ಸ್ನೋ 1858ರಲ್ಲಿ ಕಾಲವಾದನು. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ ಕಲ್ಕತ್ತೆಯಲ್ಲಿ ದೃಢಪಡಿಸಿದುದು 1884ರಲ್ಲಿ. ರೋಗಾಣುವಿನ ಸ್ವರೂಪ ತಿಳಿಯದಿದ್ದ ಕಾಲದಲ್ಲಿಯೂ ಒಂದು ಬೀದಿಯನ್ನು ಉಳಿಸಲು ಸಾಧ್ಯವಾಯಿತು. ಯಾವ ಮನೆಯಲ್ಲಿ, ಯಾವ ದಿನ, ಯಾವ ನೀರಿನಿಂದ ಎಂಬ ಚಿಕ್ಕ ಚಿಕ್ಕ ಸಂಗತಿಗಳನ್ನು ನಿವಾಸಿಗಳು ಮರೆಮಾಚದೆ ತಿಳಿಸಿದುದೇ ಇದಕ್ಕೆ ಆಧಾರವಾಯಿತು.

ಇಂದು ನಗರಗಳಲ್ಲಿ ಬಾವಿಯ ಸ್ಥಾನವನ್ನು ಕೊಳಾಯಿ ಆಕ್ರಮಿಸಿದೆ. ಆದರೂ ಅಪಾಯದ ಮಾರ್ಗ ಹಳೆಯದೇ. ನೀರು ನಿಂತು ಕೊಳವೆಯಲ್ಲಿ ಒತ್ತಡವಿಲ್ಲದ ಹೊತ್ತಿನಲ್ಲಿ, ಪಕ್ಕದ ಚರಂಡಿಯ ಕೊಳಚೆ ಬಿರುಕಿನ ಮೂಲಕ ಒಳಸೇರುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಹಲವರು ಅಸ್ವಸ್ಥರಾಗಿ, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಕೊಳಾಯಿಯ ನೀರಿನ ಬಣ್ಣ ಅಥವಾ ವಾಸನೆ ಕೆಟ್ಟರೆ, ಅಕ್ಕಪಕ್ಕದ ಮನೆಗಳಲ್ಲಿ ಏಕಕಾಲಕ್ಕೆ ವಾಂತಿಭೇದಿ ಕಾಣಿಸಿಕೊಂಡರೆ, ಅದನ್ನು ಒಡನೆಯೇ ನಗರಸಭೆಗೂ ಆರೋಗ್ಯ ಕೇಂದ್ರಕ್ಕೂ ತಿಳಿಸುವುದು ಪ್ರತಿಯೊಬ್ಬ ನಿವಾಸಿಯ ಕರ್ತವ್ಯ. ಯಾವ ಬೀದಿಯ ನೀರು ಕೆಟ್ಟಿದೆ, ಎಂದಿನವರೆಗೆ ಕುದಿಸಿ ಕುಡಿಯಬೇಕು ಎಂಬುದನ್ನು ಮುಚ್ಚಿಡದೆ ಸಾರುವುದು ಅಧಿಕಾರಿಗಳ ಕರ್ತವ್ಯ. ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲವೆಂಬುದನ್ನು ಬ್ರಾಡ್ ಬೀದಿಯ ನೀರೇ ಕಲಿಸಿದೆ.

ಆ ಬೀದಿಗೆ ಈಗ ಬ್ರಾಡ್‌ವಿಕ್ ಬೀದಿ ಎಂದು ಹೆಸರು. ಅಲ್ಲಿ ಹಿಡಿಯಿಲ್ಲದ ಪಂಪಿನ ಪ್ರತಿಕೃತಿಯೊಂದು ನಿಂತಿದೆ. ಅದರಿಂದ ಒಂದು ಹನಿ ನೀರೂ ಬರುವುದಿಲ್ಲ. ಆದರೆ ನೆರೆಹೊರೆಯವರು ಒಬ್ಬರಿಗೊಬ್ಬರು ನಿಜವನ್ನು ತಿಳಿಸಿದರೆ ಜೀವಗಳು ಉಳಿಯುತ್ತವೆಂಬುದನ್ನು ಅದು ಹಾದುಹೋಗುವವರಿಗೆಲ್ಲ ನೆನಪಿಸುತ್ತಿದೆ.