ಪಂಢರಾಪುರದ ನೆರೆಹೊರೆ

ಕೋಟೇಶ್ವರದ ಸುತ್ತಿನ ಸಾರಸ್ವತರ ಭಜನಾಸಪ್ತಾಹಗಳಲ್ಲಿ ವಿಠಲನ ಮರಾಠಿ ಅಭಂಗಗಳನ್ನು ಕೇಳದ ವಾಚಕರು ವಿರಳ. ಹಾಡುವವರ ಮನೆಮಾತು ಕೊಂಕಣಿ, ಕೇಳುವ ನೆರೆಯವರದು ಕುಂದಾಪುರದ ಕನ್ನಡ. ಆದರೂ ಅಲ್ಲಿ ಭಾಷೆಯ ತಂಟೆಯಿಲ್ಲ. ಘಟ್ಟವನ್ನೇರಿ ಬೆಳಗಾವಿಯ ಕಡೆಗೆ ಹೋದರೆ ಮಾತು ಬೇರೆ. 1956ರ ಪ್ರಾಂತವಿಂಗಡಣೆಯಿಂದ ಹುಟ್ಟಿದ ಗಡಿವ್ಯಾಜ್ಯವು 1967ರ ಮಹಾಜನ ಆಯೋಗದ ವರದಿಯಿಂದಲೂ ಶಮನವಾಗದೆ, 2004ರಲ್ಲಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿತು.

ಈ ವ್ಯಾಜ್ಯದ ನಡುವೆ ಇತಿಹಾಸವನ್ನು ಮುಂದಿಟ್ಟುಕೊಂಡು ನೆರೆಯವರೊಡನೆ ಮಾತಾಡಿದ ಮಹನೀಯರಲ್ಲಿ ಇಬ್ಬರನ್ನು ನೆನೆಯಬೇಕು. ಇಬ್ಬರೂ 1896ರಲ್ಲಿ ಜನಿಸಿದವರು. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ‘ನರಬಲಿ’ ಎಂಬ ಕವನಕ್ಕಾಗಿ ಸೆರೆಮನೆಯನ್ನೂ ಮುಗದದ ನಿರ್ಬಂಧವಾಸವನ್ನೂ ಕಂಡು, ಉದ್ಯೋಗವಿಲ್ಲದೆ ಬಹುಕಾಲ ಬಳಲಿ, ಕಡೆಗೆ 1944ರಲ್ಲಿ ಸೊಲ್ಲಾಪುರದ ಕಾಲೇಜಿಗೆ ಕನ್ನಡ ಬೋಧಿಸಲು ಹೋದರು. ಧಾರವಾಡವನ್ನು ಬಿಟ್ಟು ಅಲ್ಲಿದ್ದುದು ಹನ್ನೆರಡು ವರುಷ. ಮರಾಠಿಯಲ್ಲಿಯೂ ಬರೆದರು, ಅವರ ಒಂದು ಮರಾಠಿ ಗ್ರಂಥದ ಹೆಸರೇ ‘ಸಂವಾದ’.

ಶಂ. ಬಾ. ಜೋಶಿಯವರ ದಾರಿ ಕಠಿನವಾದುದು. ಊರುಗಳ ಹೆಸರನ್ನೂ ಹಳೆಯ ಶಬ್ದಗಳನ್ನೂ ಕೆದಕಿ, ಗೋದಾವರಿಯ ಸೀಮೆಯಲ್ಲಿ ಒಮ್ಮೆ ಕನ್ನಡವು ನೆಲಸಿತ್ತೆಂದು ವಾದಿಸಿದರು. ‘ಮಹಾರಾಷ್ಟ್ರದ ಮೂಲ’ವೆಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದುದು ಸಾಲದೆ, 1952ರಲ್ಲಿ ಮರಾಠಿಗರ ಮುಂದೆ ಅವರ ನುಡಿಯಲ್ಲಿಯೇ ವಾದವನ್ನು ಮಂಡಿಸಿದರು. ಇಲ್ಲಿ ಒಂದು ಶಂಕೆ ಏಳದಿರದು. ‘ನಿಮ್ಮ ಮೂಲವು ನಮ್ಮಲ್ಲಿದೆ’ ಎಂದರೆ ನೆರೆಯವನಿಗೆ ನಂಟು ಕೇಳಿಸುವುದೋ, ಹಕ್ಕಿನ ಮಾತು ಕೇಳಿಸುವುದೋ? ಇದೇ ಪುರಾವೆಯನ್ನು ಹಿಡಿದು ಜಗಳಕ್ಕೆ ನಿಂತವರೂ ನಮ್ಮಲ್ಲುಂಟಷ್ಟೆ!

ಯುರೋಪಿನಲ್ಲಿ ದೇಶಭ್ರಷ್ಟರಾದ ಕೆಲವು ಪೋಲಿಷ್ ವಿದ್ವಾಂಸರು ಹಿಡಿದ ದಾರಿ ಇದಕ್ಕೆ ವಿಪರೀತವಾದುದು. ಎರಡನೆಯ ಮಹಾಯುದ್ಧದಲ್ಲಿ ಪೋಲಿಷರೂ ಯುಕ್ರೇನಿಯರೂ ಒಬ್ಬರನ್ನೊಬ್ಬರು ಹಳ್ಳಿಹಳ್ಳಿಯಾಗಿ ಕೊಂದಿದ್ದರು. ಅಂತಹ ನೆನಪು ಹಸಿಯಾಗಿರುವಾಗಲೇ, ಪ್ಯಾರಿಸ್ ಬಳಿಯಿಂದ ‘ಕುಲ್ತೂರಾ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದ ಯೆಝಿ ಗೆದ್ರೊಯ್ಚ್, ಲ್ವೀವ್ ನಗರದ ಮೇಲಿನ ಹಕ್ಕನ್ನು ಬಿಡಬೇಕೆಂದ ಪತ್ರವೊಂದನ್ನು 1952ರಲ್ಲಿ ಪ್ರಕಟಿಸಿದರು. ಸ್ವಜನರಿಂದ ಬೈಗುಳವೇ ಬಂದಿತು. ಅವರು ಹಿಂಜರಿಯದೆ, 1959ರಲ್ಲಿ ಸ್ಟಾಲಿನನ ಕಾಲದಲ್ಲಿ ಅಳಿಸಲ್ಪಟ್ಟ ಯುಕ್ರೇನಿಯ ಲೇಖಕರ ಸಂಕಲನವನ್ನು ಯುಕ್ರೇನಿನ ಭಾಷೆಯಲ್ಲಿಯೇ ಅಚ್ಚುಹಾಕಿಸಿದರು. 1991ರಲ್ಲಿ ಯುಕ್ರೇನಿನ ಸ್ವಾತಂತ್ರ್ಯವನ್ನು ಎಲ್ಲರಿಗಿಂತ ಮೊದಲು ಮಾನ್ಯಮಾಡಿದವರಲ್ಲಿ ಪೋಲೆಂಡವೂ ಒಂದು.

ನಮ್ಮಲ್ಲಿ ಆ ಬಗೆಯ ಮಾತು ಗಡಿಯ ಆಚೆಯಿಂದ ಬಂದಿತು. ಪುಣೆಯ ರಾ. ಚಿಂ. ಢೇರೆಯವರು 1984ರಲ್ಲಿ ವಿಠಲನನ್ನು ಕುರಿತು ಬರೆದ ಮರಾಠಿ ಗ್ರಂಥದಲ್ಲಿ, ತಮ್ಮ ಆರಾಧ್ಯದೈವವು ಕನ್ನಡ ಮತ್ತು ತೆಲುಗು ಸೀಮೆಗಳ ಗೊಲ್ಲರೊಡನೆ ಹೊಂದಿರುವ ನಂಟನ್ನು ಮುಚ್ಚುಮರೆಯಿಲ್ಲದೆ ತೋರಿಸಿದರು. ಹೊಯ್ಸಳ ಸೋಮೇಶ್ವರನ ಕಾಲದ 1237ರ ಶಾಸನವು ಪಂಢರಾಪುರದ ಗುಡಿಯಲ್ಲಿಯೇ ಉಂಟು. ಮರಾಠಿಗರು ಆ ಗ್ರಂಥವನ್ನು ದೂರಮಾಡಲಿಲ್ಲ. 1987ರಲ್ಲಿ ಅದಕ್ಕೆ ಮರಾಠಿಯ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಸಂದಿತು.