ಬೆಕ್ಕಿಗೂ ಸಕ್ಕರೆ ಕಾಯಿಲೆ: ಮನೆಯಲ್ಲೇ ಪರೀಕ್ಷೆ

ಬೆಕ್ಕಿಗೆ ಇನ್ಸುಲಿನ್ ಅಂದಾಗ ಬಸವಕಲ್ಯಾಣದ ಸಂತೆಯಲ್ಲಿ ನಕ್ಕವರೇ ಹೆಚ್ಚು. ನಗಲಿ. ನಮ್ಮ ತೊಗರಿ ಚೀಲಗಳನ್ನು ಇಲಿಯಿಂದ ಕಾಯೋದು ಅದೇ.

ಹೊಟ್ಟೆ ತುಂಬ ತಿಂದರೂ ನಮ್ಮ ಗಂಡುಬೆಕ್ಕು ಸೊರಗುತ್ತಿತ್ತು. ಸಿಕ್ಕಲ್ಲೆಲ್ಲ ನೀರು ಕುಡಿದು ಪದೇ ಪದೇ ಉಚ್ಚೆ ಹೊಯ್ಯುತ್ತಿತ್ತು, ಹಿಂಗಾಲಿನ ಹಿಮ್ಮಡಿ ಊರಿ ನಡೆಯತೊಡಗಿತು. ಹುಮನಾಬಾದ್ ದಾಟಿ ಬೀದರಿಗೆ ಒಯ್ದು ತೋರಿಸಿದೆವು. ಹಾಲು-ರೊಟ್ಟಿ ಬಿಡಿಸಿ ಮಾಂಸ ಹಾಕಿರಿ, 12 ತಾಸಿಗೊಮ್ಮೆ ಇನ್ಸುಲಿನ್ ಕೊಡಿರಿ ಅಂದರು ಡಾಕ್ಟರು. ನಮ್ಮದು ಮಾಂಸ ಮಾಡದ ಮನೆ. ಅದರ ತಟ್ಟೆ ಹಿತ್ತಲಿಗೆ ಹೋಯಿತು!

ಪರೀಕ್ಷೆಗೆ ಮನುಷ್ಯರ ಮೀಟರೇ ನಡೆಯುತ್ತದೆ, ಬೆಕ್ಕಿನ ರಕ್ತಕ್ಕೆ ತುಸು ಕಡಿಮೆ ತೋರಿಸುವುದುಂಟು. ಕಿವಿಯ ಅಂಚನ್ನು ಬೆಚ್ಚಗಿನ ಬಟ್ಟೆಯಿಂದ ಒತ್ತಿ ಚುಚ್ಚಿದರೆ ಒಂದು ಹನಿ ಸಾಕು. ದವಾಖಾನೆಯಲ್ಲಿ ಹೆದರಿದ ಬೆಕ್ಕಿನ ಸಕ್ಕರೆ ಸುಮ್ಮನೆ ಏರುತ್ತದೆ. ಅದಕ್ಕೇ ಮನೆಯ ಲೆಕ್ಕ ಬೇಕು.

ಸಿರಿಂಜಿನ ವಿಷಯದಲ್ಲಿ ಮಾತ್ರ ಜೋಕೆ. ಅಂಗಡಿಯಲ್ಲಿ 40ರ ಸೀಸೆಯೂ ಉಂಟು, 100ರದೂ ಉಂಟು. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. 100ರ ಔಷಧವನ್ನು ಕೆಂಪು ಸಿರಿಂಜಿಗೆ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ಸಕ್ಕರೆ ಹೆಚ್ಚಾದರೆ ದಿನಗಟ್ಟಲೆ ತಡೆಯಬಹುದು, ತೀರ ಇಳಿದರೆ ತಾಸುಗಳಲ್ಲೇ ಜೀವ ಹೋದೀತು. ತೂರಾಡಿದರೆ, ನಡುಗಿದರೆ ಒಸಡಿಗೆ ಜೇನು ಇಲ್ಲವೆ ಬೆಲ್ಲದ ನೀರು ಸವರಿ ಡಾಕ್ಟರಲ್ಲಿಗೆ ಓಡಿರಿ. ಉಣ್ಣದ ದಿನ ಅವರನ್ನು ಕೇಳದೆ ಚುಚ್ಚಬೇಡಿರಿ.

ಬೇಸಿಗೆಯಲ್ಲಿ ಕರೆಂಟು ಹೋದರೆ ಫ್ರಿಜ್ಜನ್ನು ನಂಬುವಂತಿಲ್ಲ. ಒದ್ದೆ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು, ಸೀಸೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರೊಳಗೆ ಇಡುತ್ತೇವೆ. ಈಗ ಬೆಳಿಗ್ಗೆ 1 ಯೂನಿಟ್, ಸಂಜೆ 1. ನಾನು ಹೊಲದಲ್ಲಿ ತಡವಾದರೆ ಸೊಸೆ ಚುಚ್ಚುತ್ತಾಳೆ.